ಪೆನ್ ಡ್ರೈವಿಗೆ ಸ್ಥಿರವಾದ ಅಕ್ಷರವನ್ನು ಕೊಡುವ ಕ್ರಮ

೧. ಪೀಠಿಕೆ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿರುವುವೆಂಬುದನ್ನು ನಮ್ಮ ವಾಚಕಿಯರು ಇತಿಹಾಸದ ಪಾಠದಲ್ಲಿ ಓದಿಯೇ ಇರುವರು. ಎರಡು ಸಾವಿರದ ಇನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದರೂ ಆ ಬರಹವು ತನ್ನ ಬಂಡೆಯನ್ನು ಬಿಟ್ಟು ಕದಲಿಲ್ಲ. ಓದಬೇಕೆಂಬವರು ಅಲ್ಲಿಗೆ ಹೋಗಬೇಕು. ಓಲೆಗರಿಯ ಕಟ್ಟಿನ ರೀತಿಯಾದರೋ ಬೇರೆ. ಅದು ಊರಿಂದೂರಿಗೆ, ಕೈಯಿಂದ ಕೈಗೆ ಹೋಗುವುದು. ಇಂದು ಈ ಗೂಡಿನಲ್ಲಿದ್ದರೆ ನಾಳೆ ಆ ಪೆಟ್ಟಿಗೆಯಲ್ಲಿರುವುದು. ಕಟ್ಟಿನ ಗುರುತು ತಿಳಿಯದೆ ಕೈಯಿಕ್ಕಿದವನಿಗೆ ಬೇಕಾದ ಗ್ರಂಥವು ಸಿಕ್ಕದು.

ಗಣಕಯಂತ್ರದಲ್ಲಿಯೂ ಸಂಗ್ರಹಸ್ಥಾನಗಳು ಈ ಎರಡು ಬಗೆಯಾಗಿರುವುವು. ಯಂತ್ರದೊಳಗೆ ನೆಲೆಯಾಗಿರುವ ಹಾರ್ಡ್ ಡಿಸ್ಕು ಬಂಡೆಯ ಶಾಸನದಂತೆ. ಬೇಕಾದಾಗ ಚುಚ್ಚಿ ಬೇಡವಾದಾಗ ತೆಗೆಯುವ ಪೆನ್ ಡ್ರೈವು ಓಲೆಗರಿಯ ಕಟ್ಟಿನಂತೆ. ಮೊದಲನೆಯದಕ್ಕೆ ಯಂತ್ರವು ಕೊಟ್ಟ ಅಕ್ಷರವು ಸಾಮಾನ್ಯವಾಗಿ ಬದಲಾಗದು. ಎರಡನೆಯದರ ಅಕ್ಷರವು ಇಂದು ಇ, ನಾಳೆ ಎಫ್, ನಾಡಿದ್ದು ಜಿ ಆಗಬಹುದು. ಇದು ಏಕೆ ಬದಲಾಗುವುದು, ಬದಲಾದರೆ ಏನು ಹಾನಿ, ಅದನ್ನು ಒಂದೇ ಅಕ್ಷರದಲ್ಲಿ ನಿಲ್ಲಿಸುವ ಉಪಾಯವೇನು ಎಂಬ ಮೂರು ಸಂಗತಿಗಳನ್ನು ಈ ಪಾಠದಲ್ಲಿ ವಿಚಾರಿಸುವೆವು.

೨. ಅಕ್ಷರಗಳ ಪೂರ್ವವೃತ್ತಾಂತ

ಸಂಗ್ರಹಸ್ಥಾನವನ್ನು ಒಂದೊಂದು ಅಕ್ಷರದಿಂದ ಕರೆಯುವ ವಾಡಿಕೆಯು ಹಳೆಯದು. ಅಮೇರಿಕೆಯ ಗ್ಯಾರಿ ಕಿಲ್ಡಾಲ್ ಎಂಬವರು ೧೯೭೪ರಲ್ಲಿ ರಚಿಸಿದ ಸಿಪಿ/ಎಂ ಎಂಬ ವ್ಯವಸ್ಥೆಯಲ್ಲಿ ಅದು ಬಳಕೆಯಲ್ಲಿತ್ತು. ೧೯೮೧ರಲ್ಲಿ ಐಬಿಎಂ ಕಂಪೆನಿಯ ಚಿಕ್ಕ ಗಣಕವು ಡಾಸ್ ವ್ಯವಸ್ಥೆಯೊಡನೆ ಹೊರಟಾಗ ಅದರಲ್ಲಿಯೂ ಇದೇ ಪದ್ಧತಿಯು ನಿಂತಿತು. ಆಗ ತೆಳುವಾದ ಫ್ಲಾಪಿ ತಟ್ಟೆಗಳೇ ಸಂಗ್ರಹದ ಸಾಧನವಾಗಿದ್ದುವು. ಅವುಗಳ ಎರಡು ಬಾಯಿಗಳಿಗೆ ಎ ಮತ್ತು ಬಿ ಎಂಬ ಅಕ್ಷರಗಳು ಸಂದುವು. ಆ ಮೇಲೆ ಬಂದ ಹಾರ್ಡ್ ಡಿಸ್ಕಿಗೆ ಉಳಿದ ಮೊದಲ ಅಕ್ಷರವಾದ ಸಿ ದೊರಕಿತು. ಫ್ಲಾಪಿಯು ಈಗ ಕಾಣದೆ ಹೋಗಿದ್ದರೂ ನಮ್ಮ ಯಂತ್ರಗಳಲ್ಲಿ ಎಣಿಕೆಯು ಸಿ ಎಂಬುದರಿಂದಲೇ ಆರಂಭವಾಗಲು ಇದೇ ಕಾರಣ. ಪೆನ್ ಡ್ರೈವು ೨೦೦೦ದ ಇಸವಿಯಲ್ಲಿ ಪೇಟೆಗೆ ಬಂದಿತು. ಅದಕ್ಕೆಂದು ಪ್ರತ್ಯೇಕವಾದ ಅಕ್ಷರವನ್ನು ಯಾರೂ ಕಾದಿರಿಸಿರಲಿಲ್ಲ. ಆದಕಾರಣ ಬಿಡುವಾಗಿದ್ದ ಅಕ್ಷರಗಳಲ್ಲಿಯೇ ಅದು ಸ್ಥಳವನ್ನು ಹುಡುಕಿಕೊಳ್ಳಬೇಕಾಯಿತು.

೩. ಅಕ್ಷರವು ಬದಲಾಗುವುದೇಕೆ?

ಜಾತ್ರೆಗೆ ಬರುವ ಬಂಡಿಗಳನ್ನು ನೆನೆಯಿರಿ. ಮೊದಲು ಬಂದ ಬಂಡಿಯು ಮೊದಲು ಸಿಕ್ಕಿದ ಬಯಲಿನಲ್ಲಿ ನಿಲ್ಲುವುದು. ಹಿಂದಿನಿಂದ ಬಂದದ್ದು ಅದರ ಪಕ್ಕದಲ್ಲಿ ನಿಲ್ಲುವುದು. ಮರುವರ್ಷ ಅದೇ ಬಂಡಿ ತಡವಾಗಿ ಬಂದರೆ ಅದಕ್ಕೆ ಬೇರೆ ಸ್ಥಳವೇ ಗತಿ. ವಿಂಡೋಸ್ ವ್ಯವಸ್ಥೆಯು ಹೊಸ ಪೆನ್ ಡ್ರೈವನ್ನು ಕಂಡಾಗ ಸಿ ಮೊದಲುಗೊಂಡು ನೋಡುತ್ತ ಬಂದು, ಬಿಡುವಾಗಿರುವ ಮೊದಲ ಅಕ್ಷರವನ್ನು ಅದಕ್ಕೆ ಕೊಡುವುದು.

ಹೀಗೆ ಕೊಟ್ಟದ್ದನ್ನು ಅದು ಮರೆತುಬಿಡುವುದಿಲ್ಲ. ರಿಜಿಸ್ಟ್ರಿ ಎಂಬ ತನ್ನ ದಫ್ತರದಲ್ಲಿ ಪ್ರತಿ ಅಕ್ಷರದ ಎದುರಿಗೆ ಆ ವಸ್ತುವಿನ ಗುರುತನ್ನು ಬರೆದಿಡುವುದು. ಆದರೆ ಒಂದು ಅಕ್ಷರದ ಎದುರಿಗೆ ಒಂದೇ ಗುರುತಿಗೆ ಸ್ಥಳವುಂಟು. ನಮ್ಮ ಪೆನ್ ಡ್ರೈವಿಗೆ ಇ ಎಂಬ ಅಕ್ಷರ ಸಿಕ್ಕಿತೆನ್ನೋಣ. ನಾವು ಅದನ್ನು ತೆಗೆದುಕೊಂಡು ಹೋದ ಮೇಲೆ ನೆರೆಯವಳು ತನ್ನದನ್ನು ಚುಚ್ಚಿದರೆ, ಇ ಬಿಡುವಾಗಿರುವ ಕಾರಣ, ಅದೇ ಅಕ್ಷರವು ಅವಳದಕ್ಕೆ ಹೋಗುವುದು. ನಮ್ಮ ಗುರುತು ಅಳಿಯುವುದು. ಅವಳದು ಅಲ್ಲಿಯೇ ಇರುವಾಗ ನಾವು ತಿರುಗಿ ಬಂದರೆ ನಮಗೆ ಎಫ್ ಗತಿಯಾಗುವುದು.

ಇದಲ್ಲದೆ ಬೇರೆ ಎರಡು ಕಾರಣಗಳೂ ಉಂಟು. ಒಳ್ಳೆಯ ಪೆನ್ ಡ್ರೈವಿನಲ್ಲಿ ತಯಾರಿಸಿದವರು ಒಂದು ಕ್ರಮಸಂಖ್ಯೆಯನ್ನು ಅಡಗಿಸಿಟ್ಟಿರುವರು. ಯಂತ್ರವು ಅದನ್ನು ನೋಡಿಯೇ ಇದು ಹಳೆಯ ಪರಿಚಯವೆಂದು ತಿಳಿಯುವುದು. ಕೆಲವು ಅಗ್ಗದ ಪೆನ್ ಡ್ರೈವುಗಳಲ್ಲಿ ಈ ಸಂಖ್ಯೆಯೇ ಇರುವುದಿಲ್ಲ. ಅಂಥಾದ್ದನ್ನು ಯಂತ್ರವು ಚುಚ್ಚಿದ ರಂಧ್ರದಿಂದ ಗುರುತಿಸುವುದರಿಂದ, ರಂಧ್ರವನ್ನು ಬದಲಿಸಿದೊಡನೆ ಅದನ್ನು ಹೊಸ ವಸ್ತುವೆಂದೇ ಎಣಿಸುವುದು. ಎರಡನೆಯದಾಗಿ, ಮೆಮೊರಿ ಕಾರ್ಡುಗಳನ್ನು ಓದುವ ಪೆಟ್ಟಿಗೆಯನ್ನು ಜೋಡಿಸಿದರೆ ಅದರ ನಾಲ್ಕು ಬಾಯಿಗಳು ಬರಿದಾಗಿದ್ದರೂ ನಾಲ್ಕು ಅಕ್ಷರಗಳನ್ನು ಹಿಡಿದುಕೊಂಡು ಕೂತಿರುವುವು.

೪. ಇದರಿಂದಾಗುವ ಹಾನಿ

ಅಕ್ಷರ ಯಾವುದಾದರೇನು, ತೆರೆದು ನೋಡಿದರೆ ತಿಳಿಯದೇ ಎಂದು ಕೆಲವರು ಕೇಳಬಹುದು. ಮನುಷ್ಯನು ತೆರೆದು ನೋಡುವನು, ತಂತ್ರಾಂಶವು ನೋಡುವುದಿಲ್ಲ. ಅದಕ್ಕೆ ಹೇಳಿದ ಅಕ್ಷರವೇ ಪ್ರಮಾಣ.

ಗಂಗಾವತಿಯಲ್ಲಿ ಅಕ್ಕಿಯ ಗಿರಣಿಗಳು ಹೇರಳವಾಗಿರುವುವು. ಅಂಥಾ ಒಂದು ಗಿರಣಿಯ ಗುಮಾಸ್ತನು ದಿನದ ಲೆಕ್ಕದ ಪ್ರತಿಯೊಂದನ್ನು ಸಂಜೆ ತಾನಾಗಿ ಇ ಎಂಬ ಸ್ಥಾನಕ್ಕೆ ಹಾಕುವಂತೆ ತಂತ್ರಾಂಶಕ್ಕೆ ಅಪ್ಪಣೆಮಾಡಿರುವನೆಂದು ಎಣಿಸೋಣ. ಒಂದು ದಿನ ಭತ್ತ ತಂದ ರೈತನು ತನ್ನ ಕಾಗದವನ್ನು ಮುದ್ರಿಸಿಕೊಡೆಂದು ಮಗಳ ಪೆನ್ ಡ್ರೈವನ್ನು ಕೊಡುವನು. ಅದಕ್ಕೆ ಇ ಎಂಬ ಅಕ್ಷರ ಸಿಕ್ಕುವುದು. ಗಿರಣಿಯದು ಎಫ್ ಆಗುವುದು. ಸಂಜೆಯ ಲೆಕ್ಕವು ರೈತನ ಜೇಬಿನಲ್ಲಿ ಊರಿಗೆ ಹೋಗುವುದು. ಗುಮಾಸ್ತನ ಬಳಿ ಉಳಿಯುವುದು ನಿನ್ನೆಯ ಪ್ರತಿ ಮಾತ್ರ. ಯಂತ್ರವು ಕೆಡದಿರುವ ತನಕ ಈ ಕೊರತೆಯು ಯಾರಿಗೂ ಕಾಣದು. ಕೆಟ್ಟ ದಿನವೇ ಕಾಣುವುದು. ಹಾನಿಯು ಸದ್ದಿಲ್ಲದೆ ನಡೆಯುವುದೇ ಇದರ ಕೆಡುಕು.

ಇನ್ನೊಂದನ್ನು ನೋಡಿರಿ. ಯಲಬುರ್ಗೆಯ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯು ಅಂಕಪಟ್ಟಿಯನ್ನು ಪೆನ್ ಡ್ರೈವಿನಲ್ಲಿಟ್ಟು, ಒಟ್ಟು ಫಲಿತಾಂಶದ ಹಾಳೆಯಿಂದ ಅದಕ್ಕೆ ಕೊಂಡಿಯನ್ನು ಹಾಕಿರುವಳು. ಕೊಂಡಿಯಲ್ಲಿ ಇ ಎಂದು ಬರೆದಿದೆ. ಇಂದು ಅಂಕಪಟ್ಟಿಯು ಜಿ ಯಲ್ಲಿದೆ. ಹಾಳೆಯು ಮೂಲವು ಸಿಕ್ಕಲಿಲ್ಲವೆಂದು ಹೇಳುವುದು, ಅಥವಾ ಹಳೆಯ ಅಂಕಗಳನ್ನೇ ತೋರಿಸುತ್ತ ಸುಮ್ಮನಿರುವುದು. ಕುಷ್ಟಗಿಯ ಝೆರಾಕ್ಸ್ ಅಂಗಡಿಯಲ್ಲಿ ಒಂದೇ ಯಂತ್ರಕ್ಕೆ ಗಿರಾಕಿಗಳ ಮೂರು ಪೆನ್ ಡ್ರೈವುಗಳು ಚುಚ್ಚಿರುವಾಗ, ಇ ಯನ್ನು ಬರಿದುಮಾಡು ಎಂಬ ಒಂದು ಅಪ್ಪಣೆಯು ಯಾರೋ ಒಬ್ಬ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿಯನ್ನೂ ಪ್ರಮಾಣಪತ್ರಗಳನ್ನೂ ಅಳಿಸಿಬಿಡಬಹುದು.

೫. ಸ್ಥಿರವಾದ ಅಕ್ಷರವನ್ನು ಕೊಡುವ ವಿಧಾನ

ಈ ಕೆಲಸಕ್ಕೆ ಯಂತ್ರದ ಆಡಳಿತದ ಅಧಿಕಾರವುಳ್ಳ ಖಾತೆಯು ಬೇಕು. ಶಾಲೆಯ ಯಂತ್ರವಾದರೆ ಅಪ್ಪಣೆಯನ್ನು ಮೊದಲು ಪಡೆಯತಕ್ಕದ್ದು. ಪೆನ್ ಡ್ರೈವಿನಲ್ಲಿ ತೆರೆದಿರುವ ಕಡತಗಳನ್ನೆಲ್ಲ ಮುಚ್ಚಿ, ಅದನ್ನು ಚುಚ್ಚಿಯೇ ಇಟ್ಟು, ಮುಂದೆ ಹೇಳುವ ಕ್ರಮದಲ್ಲಿ ನಡೆಯಿರಿ.

ಮೊದಲನೆಯದು: ಪರದೆಯ ಕೆಳಗಿರುವ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬುದನ್ನು ಆರಿಸಿರಿ.

ಎರಡನೆಯದು: ಯಂತ್ರದಲ್ಲಿರುವ ಸಂಗ್ರಹಸ್ಥಾನಗಳೆಲ್ಲ ಸಾಲಾಗಿ ಕಾಣುವುವು. ಗಾತ್ರವನ್ನೂ ಹೆಸರನ್ನೂ ನೋಡಿ ನಿಮ್ಮದನ್ನು ಗುರುತಿಸಿರಿ. ಹದಿನಾರು ಜಿಬಿಯೆಂದು ಮಾರುವ ಪೆನ್ ಡ್ರೈವು ಇಲ್ಲಿ ಸುಮಾರು ಹದಿನಾಲ್ಕೂಮುಕ್ಕಾಲೆಂದು ಕಾಣುವುದು. ಎಣಿಸುವ ರೀತಿ ಬೇರೆಯಾದುದರಿಂದ ಹೀಗಾಗುವುದೇ ಹೊರತು ಅಂಗಡಿಯವನ ಮೋಸದಿಂದಲ್ಲ.

ಮೂರನೆಯದು: ಅದರ ಮೇಲೆ ಬಲಗುಂಡಿಯನ್ನೊತ್ತಿ, ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್ ಎಂಬುದನ್ನು ಆರಿಸಿರಿ. ಇದೇ ಪಟ್ಟಿಯಲ್ಲಿ ಫಾರ್ಮ್ಯಾಟ್ ಎಂಬುದೂ ಇರುವುದು. ಅದನ್ನು ಮುಟ್ಟಬಾರದು. ಅಕ್ಷರವನ್ನು ಬದಲಿಸಿದರೆ ಒಳಗಿನ ಒಂದು ಕಡತವೂ ಕೆಡದು; ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಅಳಿಯುವುದು.

ನಾಲ್ಕನೆಯದು: ಚೇಂಜ್ ಎಂಬುದನ್ನೊತ್ತಿ, ಬೇಕಾದ ಅಕ್ಷರವನ್ನು ಆರಿಸಿ, ಒಪ್ಪಿಗೆಯನ್ನು ಕೊಡಿರಿ. ಈ ಅಕ್ಷರವನ್ನು ನಂಬಿದ ತಂತ್ರಾಂಶಗಳು ನಡೆಯದೆ ಹೋಗಬಹುದೆಂದು ಯಂತ್ರವು ಎಚ್ಚರಿಸುವುದು. ಪೆನ್ ಡ್ರೈವಿನಲ್ಲಿ ತಂತ್ರಾಂಶವೇನೂ ಸ್ಥಾಪಿತವಾಗಿರದಿದ್ದರೆ ಹೌದೆಂದು ಹೇಳಿ ಮುಂದೆ ಹೋಗಬಹುದು.

ಐದನೆಯದು: ಪೆನ್ ಡ್ರೈವನ್ನು ಕ್ರಮವಾಗಿ ಹೊರತೆಗೆದು, ಮತ್ತೆ ಚುಚ್ಚಿ, ಅದೇ ಅಕ್ಷರ ಬಂದಿದೆಯೋ ಎಂದು ಪರೀಕ್ಷಿಸಿರಿ. ಬೇರೆ ರಂಧ್ರದಲ್ಲಿಯೂ ಒಮ್ಮೆ ಚುಚ್ಚಿ ನೋಡಿರಿ. ಅಲ್ಲಿ ಅಕ್ಷರವು ಬದಲಾದರೆ ನಿಮ್ಮದು ಕ್ರಮಸಂಖ್ಯೆಯಿಲ್ಲದ ಜಾತಿಯದಾಗಿರಬಹುದು. ಅದನ್ನು ಯಾವಾಗಲೂ ಒಂದೇ ರಂಧ್ರದಲ್ಲಿ ಚುಚ್ಚುವುದು ಲೇಸು.

ಅಪ್ಪಣೆಗಳನ್ನು ಟೈಪು ಮಾಡಬಲ್ಲವರು ಡಿಸ್ಕ್‌ಪಾರ್ಟ್ ಎಂಬ ಸಾಧನದಿಂದಲೂ ಇದನ್ನು ಸಾಧಿಸಬಹುದು. ಆದರೆ ಅದರಲ್ಲಿ ಕ್ಲೀನ್ ಎಂಬ ಒಂದು ಮಾತಿನಿಂದ ಇಡೀ ಡಿಸ್ಕು ಬರಿದಾಗುವುದು. ಆದುದರಿಂದ ಕಲಿಯುವವರು ಮೇಲಿನ ದಾರಿಯಲ್ಲಿಯೇ ನಡೆಯುವುದು ಕ್ಷೇಮ.

೬. ಯಾವ ಅಕ್ಷರವನ್ನು ಆರಿಸಬೇಕು?

ಇಡೀ ಪಾಠದ ಸಾರವು ಈ ಪ್ರಶ್ನೆಯಲ್ಲಿಯೇ ಇರುವುದು. ಇ ಅಥವಾ ಎಫ್ ಎಂಬುದನ್ನು ಆರಿಸಿದರೆ ಪಟ್ಟ ಶ್ರಮವು ವ್ಯರ್ಥವಾದೀತು. ಏಕೆಂದರೆ ಹೊಸದಾಗಿ ಬಂದವುಗಳಿಗೆ ಯಂತ್ರವು ಆರಂಭದ ಅಕ್ಷರಗಳನ್ನೇ ಹಂಚುವುದು. ನಮ್ಮ ಗುರುತು ಮತ್ತೆ ಅಳಿಯುವುದು. ಕಡೆಯ ಅಕ್ಷರಗಳೂ ಸರಿಯಲ್ಲ. ಶಾಲೆಯ ಗಣಕಕೋಣೆಯಲ್ಲಿ ಯಂತ್ರಗಳನ್ನು ತಂತಿಯಿಂದ ಜೋಡಿಸಿ ಸಾಮಾನ್ಯ ಕಪಾಟೊಂದನ್ನು ತೋರಿಸುವಾಗ ವಿಂಡೋಸ್ ವ್ಯವಸ್ಥೆಯು ಝಡ್ ನಿಂದ ಹಿಂದಕ್ಕೆ ಎಣಿಸಿ ಅಕ್ಷರವನ್ನು ಸೂಚಿಸುವುದು. ಆದಕಾರಣ ನಡುವಿನ ಅಕ್ಷರಗಳು, ಅಂದರೆ ಎಂ ಮೊದಲುಗೊಂಡು ಟಿ ವರೆಗಿನವು, ಉತ್ತಮ. ಲೆಕ್ಕದ ಪ್ರತಿಗೆ ಪಿ, ಅಂಕಪಟ್ಟಿಗೆ ಎಂ ಎಂದು ಗೊತ್ತುಮಾಡಿ, ಅದನ್ನು ಒಂದು ಕಾಗದದಲ್ಲಿ ಬರೆದು ಯಂತ್ರದ ಬದಿಯಲ್ಲಿ ಅಂಟಿಸಿದರೆ ಎಲ್ಲರಿಗೂ ಅನುಕೂಲ. ಒಂದೇ ಅಕ್ಷರವನ್ನು ಎರಡಕ್ಕೆ ಕೊಡಬಾರದು. ಎರಡನೆಯದಕ್ಕೆ ಕೊಟ್ಟೊಡನೆ ಮೊದಲನೆಯದರ ಹಕ್ಕು ಹೋಗುವುದು.

೭. ಈ ಉಪಾಯದ ಮಿತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ೧೯೫೬ಕ್ಕೆ ಮೊದಲು ಹೈದರಾಬಾದು ಸಂಸ್ಥಾನದಲ್ಲಿದ್ದುವು. ತರುವಾಯ ನಮ್ಮ ರಾಜ್ಯದ ರಾಯಚೂರು ಜಿಲ್ಲೆಯಲ್ಲಿ ಉಳಿದುವು. ೧೯೯೭ರಲ್ಲಿ ಪ್ರತ್ಯೇಕವಾದ ಕೊಪ್ಪಳ ಜಿಲ್ಲೆಯಾದುವು. ಆ ಮೇಲೆ ಕನಕಗಿರಿ, ಕಾರಟಗಿ, ಕುಕನೂರುಗಳೂ ತಾಲ್ಲೂಕುಗಳೆನಿಸಿದುವು. ಊರುಗಳು ಒಂದು ಗೇಣು ಕದಲಲಿಲ್ಲ. ಅವುಗಳನ್ನು ಬರೆದಿಟ್ಟ ದಫ್ತರಗಳು ಬದಲಾದುವು. ಅಕ್ಷರವೂ ಹಾಗೆಯೇ ದಫ್ತರಕ್ಕೆ ಸೇರಿದ್ದು, ವಸ್ತುವಿಗೆ ಸೇರಿದ್ದಲ್ಲ. ಮನೆಯ ಯಂತ್ರದಲ್ಲಿ ಪಿ ಎಂದು ನಿಲ್ಲಿಸಿದ ಪೆನ್ ಡ್ರೈವನ್ನು ಶಾಲೆಯ ಯಂತ್ರಕ್ಕೆ ಚುಚ್ಚಿದರೆ ಅದಕ್ಕೆ ಈ ಸಂಗತಿಯೇ ತಿಳಿಯದು. ಎರಡು ಕಡೆಯೂ ಬೇಕಾದರೆ ಎರಡು ಕಡೆಯೂ ಮಾಡತಕ್ಕದ್ದು.

ವಸ್ತುವಿನೊಡನೆಯೇ ಹೋಗುವ ಗುರುತು ಬೇರೆ ಇರುವುದು. ಅದಕ್ಕೆ ಲೇಬಲ್ ಎಂದು ಹೆಸರು. ಪೆನ್ ಡ್ರೈವಿನ ಮೇಲೆ ಬಲಗುಂಡಿಯನ್ನೊತ್ತಿ ರೀನೇಮ್ ಎಂದು ಆರಿಸಿದರೆ ಅದನ್ನು ಬರೆಯಬಹುದು. ಅದು ಪೆನ್ ಡ್ರೈವಿನ ಒಳಗೇ ಇರುವುದರಿಂದ ಯಾವ ಯಂತ್ರದಲ್ಲಿಯೂ ಕಾಣುವುದು. ಫ್ಯಾಟ್೩೨ ಎಂಬ ಬಗೆಯಲ್ಲಿ ಹನ್ನೊಂದು ಅಕ್ಷರಗಳಿಗೂ ಎನ್‌ಟಿಎಫ್‌ಎಸ್ ಎಂಬ ಬಗೆಯಲ್ಲಿ ಮೂವತ್ತೆರಡು ಅಕ್ಷರಗಳಿಗೂ ಸ್ಥಳವುಂಟು. ಮೊದಲನೆಯದರಲ್ಲಿ ಕನ್ನಡದ ಅಕ್ಷರಗಳು ನಿಲ್ಲವಾದುದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಒಳ್ಳೆಯದು. ತಂತ್ರಾಂಶಕ್ಕೆ ಅಕ್ಷರ, ಮನುಷ್ಯನ ಕಣ್ಣಿಗೆ ಲೇಬಲ್. ಎರಡೂ ಇದ್ದರೆ ತಪ್ಪು ನಡೆಯುವ ಸಂಭವವು ಬಹಳ ಕಡಿಮೆ.

ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಅಕ್ಷರಗಳ ಈ ಪದ್ಧತಿಯೇ ಇಲ್ಲ. ಅಲ್ಲಿ ಪ್ರತಿ ಸಂಗ್ರಹಸ್ಥಾನದಲ್ಲಿಯೂ ಯುಯುಐಡಿ ಎಂಬ ದೀರ್ಘವಾದ ಗುರುತೊಂದು ಬರೆದಿರುವುದು. ಅದನ್ನು ನೋಡಿ ಇಂಥಾ ಕಡತಕೋಶದಲ್ಲಿ ತೆರೆ ಎಂದು ಹೇಳಿಟ್ಟರೆ ಸಾಕು. ವಿಂಡೋಸ್ ವ್ಯವಸ್ಥೆಯಲ್ಲಿಯೂ ಅಕ್ಷರಕ್ಕೆ ಬದಲಾಗಿ ಬರಿದಾದ ಕಡತಕೋಶವೊಂದನ್ನು ಪೆನ್ ಡ್ರೈವಿಗೆ ಬಾಗಿಲಾಗಿ ಕೊಡಬಹುದು. ಆ ಕಡತಕೋಶವು ಎನ್‌ಟಿಎಫ್‌ಎಸ್ ಬಗೆಯ ಡಿಸ್ಕಿನಲ್ಲಿರಬೇಕು.

೮. ಉಪಸಂಹಾರ

ತರಗತಿಯಲ್ಲಿ ಒಬ್ಬ ಹುಡುಗಿಯು ಇಂದು ಮುಂದಿನ ಬೆಂಚಿನಲ್ಲಿಯೂ ನಾಳೆ ಹಿಂದಿನ ಬೆಂಚಿನಲ್ಲಿಯೂ ಕುಳಿತಾಳು. ಕುಳಿತ ಸ್ಥಳವನ್ನು ನೋಡಿ ಅಂಕಗಳನ್ನು ಬರೆದರೆ ಒಬ್ಬಳ ಫಲವು ಮತ್ತೊಬ್ಬಳಿಗೆ ಹೋಗುವುದು. ಆದುದರಿಂದಲೇ ಹಾಜರಿಯ ಪುಸ್ತಕದಲ್ಲಿ ಅವಳಿಗೊಂದು ಸಂಖ್ಯೆಯನ್ನು ಕೊಟ್ಟು ವರ್ಷವಿಡೀ ಅದನ್ನೇ ನಡೆಸುವರು. ಪೆನ್ ಡ್ರೈವಿಗೆ ಸ್ಥಿರವಾದ ಅಕ್ಷರವನ್ನು ಕೊಡುವುದೂ ಇಂಥಾದ್ದೇ. ಒಂದು ಮಾತು ಮಾತ್ರ ನೆನಪಿರಲಿ: ಸ್ಥಿರವಾದ ಅಕ್ಷರವು ದಾರಿತಪ್ಪುವುದನ್ನು ತಡೆಯುವುದೇ ಹೊರತು, ಕಳೆದುಹೋಗುವುದನ್ನಾಗಲಿ ಕೆಟ್ಟುಹೋಗುವುದನ್ನಾಗಲಿ ತಡೆಯದು. ಬೆಲೆಯುಳ್ಳ ಕಾಗದಗಳ ಇನ್ನೊಂದು ಪ್ರತಿಯು ಇನ್ನೊಂದು ಕಡೆಯಲ್ಲಿ ಇರಲೇಬೇಕು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ಹಾರ್ಡ್ ಡಿಸ್ಕಿಗೆ ಸಿ ಎಂಬ ಅಕ್ಷರವು ಬಂದುದಕ್ಕೆ ಕಾರಣವೇನು?
೨. ಒಂದೇ ಪೆನ್ ಡ್ರೈವಿಗೆ ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಅಕ್ಷರಗಳು ಸಿಕ್ಕುವುದೇಕೆ? ಮೂರು ಕಾರಣಗಳನ್ನು ಹೇಳಿರಿ.
೩. ಇ ಎಂಬುದನ್ನೂ ಝಡ್ ಎಂಬುದನ್ನೂ ಸ್ಥಿರವಾದ ಅಕ್ಷರವಾಗಿ ಏಕೆ ಆರಿಸಬಾರದು?
೪. ಅಕ್ಷರಕ್ಕೂ ಲೇಬಲಿಗೂ ಇರುವ ಭೇದವನ್ನು ಒಂದು ದೃಷ್ಟಾಂತದಿಂದ ವಿವರಿಸಿರಿ.
೫. ನಿಮ್ಮ ಮನೆಯಲ್ಲಿ ಅಥವಾ ಶಾಲೆಯಲ್ಲಿ ಬಳಸುವ ಪೆನ್ ಡ್ರೈವುಗಳ ಪಟ್ಟಿಯನ್ನು ಮಾಡಿ, ಒಂದೊಂದಕ್ಕೂ ತಕ್ಕ ಅಕ್ಷರವನ್ನೂ ಲೇಬಲನ್ನೂ ಗೊತ್ತುಮಾಡಿರಿ.