ಟೀಚರಮ್ಮನ ಹೆಸರಿನ ದತ್ತಿ

ಸಾವಿತ್ರಿಬಾಯಿ ಫುಲೆ ಅವರ ಚಿತ್ರವನ್ನು ನೀವು ಶಾಲೆಯಲ್ಲಿ ನೋಡಿರಬಹುದು. ಅವರು ಹುಟ್ಟಿದ್ದು 1831ರಲ್ಲಿ. ಊರು ಮಹಾರಾಷ್ಟ್ರದ ನಾಯಗಾಂವ್. ಒಂಬತ್ತು ವರ್ಷಕ್ಕೇ ಮದುವೆ ಆಯಿತು. ಆಗ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆಮೇಲೆ ಗಂಡ ಜೋತಿಬಾ ಓದು ಕಲಿಸಿದರು. ನೋಡಿ ಅಕ್ಕಂದಿರೇ, ನಿಮ್ಮ ಹಾಗೇ ಮದುವೆಯಾದ ಮೇಲೆ ಕಲಿತವರು ಅವರು.

1848ರಲ್ಲಿ ಗಂಡ ಹೆಂಡತಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಸಾವಿತ್ರಿಬಾಯಿ ಟೀಚರ್ ಆದರು. ಶಾಲೆಗೆ ಹೋಗುವಾಗ ಜನ ಸಗಣಿ, ಕೆಸರು ಎರಚುತ್ತಿದ್ದರು. ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು. ಸೀರೆ ಬದಲಿಸಿ ಪಾಠ ಮಾಡುತ್ತಿದ್ದರು. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ರೋಗ ಇತ್ತು. ರೋಗಿಗಳ ಆರೈಕೆ ಮಾಡುತ್ತ ಅವರಿಗೂ ಅದೇ ರೋಗ ತಗುಲಿತು. ಮಾರ್ಚ್ 10ರಂದು ತೀರಿಕೊಂಡರು.

ಈಗ ಪುಣೆಯ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. 2014ರಲ್ಲಿ ಇಟ್ಟರು. ಊರೂರಲ್ಲಿ ಪ್ರತಿಮೆಗಳೂ ಇವೆ. ಬೇಡ ಅನ್ನುವುದಿಲ್ಲ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು. ಶಾಲೆಗೆ ಹೋಗುವ ಹಿಂದುಳಿದ ಸಮುದಾಯಗಳ ಹುಡುಗಿಯರಿಗೆ ಮಹಾರಾಷ್ಟ್ರ ಸರ್ಕಾರ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ.

ಅದು ಸರ್ಕಾರದ ಮಾತಾಯಿತು. ಇಂಥ ಕೆಲಸವನ್ನು ಊರಿನವರೂ ಮಾಡಬಹುದು. ಪಾಠ ಹೇಳಿದ ಟೀಚರಮ್ಮ ತೀರಿಕೊಂಡರೆ ಫೋಟೋಗೆ ಹಾರ ಹಾಕುತ್ತೇವೆ. ಅವರ ಹೆಸರಿನಲ್ಲಿ ದತ್ತಿಯನ್ನೂ ಇಡಬಹುದು. ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಇಂಥ ದತ್ತಿಗಳಿವೆ.

ದತ್ತಿ ಅಂದರೇನು? ಎಲ್ಲರೂ ಸೇರಿ ಬ್ಯಾಂಕಿನಲ್ಲಿ ಠೇವಣಿ ಇಟ್ಟ ಹಣ. ಅದರ ಬಡ್ಡಿ ಮಾತ್ರ ತೆಗೆಯಬೇಕು. ಅಸಲು ಮುಟ್ಟಬಾರದು. ಬಿತ್ತನೆ ರಾಗಿಯನ್ನೇ ಬೀಸಿ ಉಂಡರೆ ಮುಂದಿನ ವರ್ಷ ಬಿತ್ತುವುದೇನು?

ಲೆಕ್ಕ ನೋಡೋಣ. 50 ಜನ ತಲಾ 200 ರೂಪಾಯಿ ಹಾಕಿದರೆ 10,000 ರೂಪಾಯಿ. ನೂರಕ್ಕೆ ವರ್ಷಕ್ಕೆ 6 ರೂಪಾಯಿ ಬಡ್ಡಿ ಅಂದುಕೊಳ್ಳಿ. ವರ್ಷಕ್ಕೆ 600 ರೂಪಾಯಿ ಬಂತು. ಬಡ್ಡಿಯ ದರ ಏರುತ್ತದೆ, ಇಳಿಯುತ್ತದೆ. ಬ್ಯಾಂಕಿನಲ್ಲಿ ಕೇಳಿ ತಿಳಿಯಿರಿ. 600 ದೊಡ್ಡ ಹಣವಲ್ಲ. ಆದರೂ ಒಬ್ಬ ಹುಡುಗಿಯ ನೋಟ್‌ಬುಕ್ಕು, ಪೆನ್ನುಗಳ ಖರ್ಚಿಗೆ ಆದೀತು.

ಯಾವ ಹುಡುಗಿಗೆ? ಹೆಚ್ಚು ಅಂಕ ತೆಗೆದವಳಿಗೆ ಕೊಡುವುದು ವಾಡಿಕೆ. ನನ್ನನ್ನು ಕೇಳಿದರೆ, ಏಳನೆಯ ತರಗತಿ ಮುಗಿಸಿ ಮನೆಯಲ್ಲಿ ಕೂರಲು ಹೊರಟವಳಿಗೆ ಕೊಡಿ. ಜಾಣೆ ಹೇಗೋ ಓದಿಕೊಳ್ಳುತ್ತಾಳೆ. ಇವಳು ಒಂದು ವರ್ಷ ಮನೆಯಲ್ಲಿ ಕೂತರೆ ಮದುವೆಯ ಮಾತು ಶುರುವಾಗುತ್ತದೆ. ಯಾರಿಗೆ ಕೊಡಬೇಕು ಅನ್ನುವುದನ್ನು ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಜಗಳ ಬರುವುದಿಲ್ಲ.

ಖಾತೆ ಒಬ್ಬರ ಕೈಯಲ್ಲಿ ಬೇಡ. ಮುಖ್ಯೋಪಾಧ್ಯಾಯರು ಮತ್ತು ಶಾಲಾ ಸಮಿತಿ ಅಧ್ಯಕ್ಷರು, ಇಬ್ಬರ ಸಹಿಯೂ ಇರಲಿ. ಠೇವಣಿ ಪತ್ರದಲ್ಲಿ ಅಸಲು ಎಷ್ಟು, ಅವಧಿ ಯಾವಾಗ ಮುಗಿಯುತ್ತದೆ ಎಂದು ಬರೆದಿರುತ್ತದೆ. ವರ್ಷಕ್ಕೊಮ್ಮೆ ಅದನ್ನು ಸಭೆಗೆ ತರಿಸಿ. ಇನ್ನೊಬ್ಬರು ಓದಿ ಹೇಳಲಿ ಅಂತ ಕಾಯಬೇಡಿ, ಕೈಗೆ ತೆಗೆದುಕೊಂಡು ನೀವೇ ಓದಿ. ಅಸಲು ಕಡಿಮೆ ಆಗಿದ್ದರೆ ಎದ್ದು ನಿಂತು ಕೇಳಿ.

ಓದಿ, ಬರೆಯಿರಿ: ದತ್ತಿ, ಅಸಲು, ಬಡ್ಡಿ, ಠೇವಣಿ, ಸಹಿ.

ಲೆಕ್ಕ ಮಾಡಿ: 80 ಜನ ತಲಾ 250 ರೂಪಾಯಿ ಹಾಕಿದರು. ಅಸಲು ಎಷ್ಟು? ನೂರಕ್ಕೆ 6 ರೂಪಾಯಿಯಂತೆ ಒಂದು ವರ್ಷದ ಬಡ್ಡಿ ಎಷ್ಟು?