ಬಾರೋ, ಲೆಂಡ್: ಬರುವುದು ಯಾವುದು, ಹೋಗುವುದು ಯಾವುದು?

ಒಂದು ಭಾನುವಾರ ತರಗತಿಯಲ್ಲಿ ಒಬ್ಬ ಹುಡುಗಿ ನಗುತ್ತಾ ಹೇಳಿದಳು: "ಟೀಚರ್, ನಮ್ಮಜ್ಜಿ ಪಕ್ಕದ ಮನೆಯವರಿಗೆ 'ಐ ವಿಲ್ ಬಾರೋ ಯು ಮೈ ಕುಕ್ಕರ್' ಅಂದ್ರು!" ಎಲ್ಲರೂ ನಕ್ಕರು. ಅಜ್ಜಿ ಹಾಗೇಕೆ ಅಂದರು ಎಂದು ನೋಡೋಣ.

ಇಂಗ್ಲಿಷಿನಲ್ಲಿ ಬಾರೋ ಎಂದರೆ ಹಿಂದಿರುಗಿಸುವ ಮಾತಿನ ಮೇಲೆ ತೆಗೆದುಕೊಳ್ಳುವುದು. ಲೆಂಡ್ ಎಂದರೆ ಅದೇ ಮಾತಿನ ಮೇಲೆ ಕೊಡುವುದು. ವಾಲ್‌ನಟ್ ಗ್ರಂಥಾಲಯದಿಂದ ಪುಸ್ತಕ ತಂದಾಗ ನೀವು ಬಾರೋ ಮಾಡುತ್ತೀರಿ, ಗ್ರಂಥಾಲಯ ನಿಮಗೆ ಲೆಂಡ್ ಮಾಡುತ್ತದೆ. ಬಾರೋ ಜೊತೆಗೆ 'ಫ್ರಮ್' ಬರುತ್ತದೆ, ಲೆಂಡ್ ಜೊತೆಗೆ 'ಟು'. ಭೂತಕಾಲದಲ್ಲಿ ಬಾರೋಡ್, ಲೆಂಟ್.

ನೆನಪಿಡಲು ಸುಲಭ ಉಪಾಯ: ತಮ್ಮನನ್ನು "ಬಾರೋ" ಎಂದು ಕರೆದರೆ ಅವನು ನಮ್ಮ ಬಳಿಗೆ ಬರುತ್ತಾನೆ. ಹಾಗೆಯೇ ಬಾರೋ ಮಾಡಿದ ವಸ್ತು ನಮ್ಮ ಬಳಿಗೆ ಬರುತ್ತದೆ! ಲೆಂಡ್ ಮಾಡಿದ್ದು ನಮ್ಮಿಂದ ಹೋಗುತ್ತದೆ.

ಕನ್ನಡದಲ್ಲಿ ಇದಕ್ಕೆಂದೇ ಬೇರೆ ಕ್ರಿಯಾಪದಗಳು ಬೇಕಿಲ್ಲ. "ಸಾಲ ಕೊಡು", "ಸಾಲ ತೆಗೆದುಕೋ" ಎಂದರೆ ಸಾಕು. ಅಜ್ಜಿ ತಪ್ಪಿದ್ದು ಇಲ್ಲಿಯೇ. ಜರ್ಮನ್ ಭಾಷೆಯ 'ಲೈಯೆನ್' ಎಂಬ ಒಂದೇ ಕ್ರಿಯಾಪದಕ್ಕೂ ಈ ಎರಡು ಅರ್ಥಗಳಿವೆ.

ಆದರೆ ಕನ್ನಡ ಬೇರೊಂದು ವಿಷಯವನ್ನು ಗಮನಿಸುತ್ತದೆ: ತಂದದ್ದು ಏನು? ಹಣವಾದರೆ ಸಾಲ. ಬಡ್ಡಿಯಿಲ್ಲದೆ ನಾಲ್ಕು ದಿನಕ್ಕೆ ಪಡೆದ ಸಣ್ಣ ಮೊತ್ತ ಕೈಗಡ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಕಡ. ಅಷ್ಟೇ ಸಕ್ಕರೆ ಅಳೆದು ಕೊಟ್ಟರಾಯಿತು. ಮದುವೆಗೆ ಹಾಕಿಕೊಳ್ಳಲು ಸರ ತಂದರೆ ಎರವಲು. ಅದೇ ಸರವನ್ನು ಹಿಂದಿರುಗಿಸಬೇಕು. ಗ್ರಂಥಾಲಯದ ಪುಸ್ತಕವೂ ಎರವಲೇ. ಇಷ್ಟೆಲ್ಲಕ್ಕೂ ಇಂಗ್ಲಿಷಿನಲ್ಲಿ ಬಾರೋ ಒಂದೇ.

ಇದನ್ನು ಹೇಳಿದ ಮೇಲೆ ತರಗತಿಯಲ್ಲಿ ಕೇಳಿದೆ: "ಸಾಲ, ಕಡ, ಎರವಲು ಮೂರೂ ಯಾರಿಗೆ ಗೊತ್ತಿತ್ತು?" ಒಂದು ಕೈಯೂ ಮೇಲೇಳಲಿಲ್ಲ. ಆ ಅಜ್ಜಿಗೆ ಮೂರೂ ಗೊತ್ತು. ಮುಂದಿನ ವಾರ ಅದೇ ಹುಡುಗಿ ಬಂದು, "ಅಜ್ಜಿಗೆ ಲೆಂಡ್ ಹೇಳಿಕೊಟ್ಟೆ, ಅಜ್ಜಿ ನನಗೆ ಕೈಗಡ ಹೇಳಿಕೊಟ್ರು" ಎಂದಳು.

ಪೋಷಕರೇ, ಮನೆಯಲ್ಲಿ ಹಿರಿಯರು ಇಂಗ್ಲಿಷ್ ತಪ್ಪಿದಾಗ ಮಕ್ಕಳು ನಕ್ಕರೆ, ಅವರಿಬ್ಬರನ್ನೂ ಕೂರಿಸಿ ಹೀಗೆ ಪದಗಳನ್ನು ಬದಲಾಯಿಸಿಕೊಳ್ಳಲು ಹೇಳಿ. ಇಲ್ಲದಿದ್ದರೆ ಹಿರಿಯರು ಮಾತನ್ನೇ ನಿಲ್ಲಿಸಿಬಿಡುತ್ತಾರೆ.

ಅಭ್ಯಾಸ: ನೀವು ಮಾಡಿದ್ದು ಬಾರೋ ಅಥವಾ ಲೆಂಡ್?
1. ಮಳೆ ಬಂತು, ಗೆಳೆಯನಿಂದ ಕೊಡೆ ತಂದಿರಿ.
2. ತಂಗಿಗೆ ಬಣ್ಣದ ಪೆನ್ಸಿಲ್ ಕೊಟ್ಟು, ಸಂಜೆ ಹಿಂದಕ್ಕೆ ಪಡೆದಿರಿ.
3. ಅಜ್ಜಿಯ ಕನ್ನಡ ನಿಘಂಟನ್ನು ಒಂದು ವಾರಕ್ಕೆ ತೆಗೆದುಕೊಂಡಿರಿ.

ಉತ್ತರ: 1. ಬಾರೋ 2. ಲೆಂಡ್ 3. ಬಾರೋ