ಬಿಳಿಜೋಳದ ಕಾಳಿನಲ್ಲಿ ಕಂದು ಪದರ ಏಕೆ ಬರುತ್ತದೆ?



ಬಾಗಳಿ, ಹರಪನಹಳ್ಳಿ ಸೀಮೆಯಲ್ಲಿ ಜೋಳವೆಂದರೆ ರೊಟ್ಟಿ. ರೊಟ್ಟಿ ಒಗರಾದರೆ ಮನೆಯವರು ಮುಟ್ಟುವುದಿಲ್ಲ. ಈ ಒಗರಿಗೆ ಕಾರಣ ಟ್ಯಾನಿನ್. ಕೆಲವು ಜೋಳಗಳಲ್ಲಿ ಹೊರಸಿಪ್ಪೆಯ ಕೆಳಗಿನ ಕಂದು ಪದರದಲ್ಲಿ ಇದು ಇರುತ್ತದೆ. ಹಕ್ಕಿಗಳ ಕಾಟ, ಕಾಳಿನ ಬೂಷ್ಟು ಇದರಿಂದ ಕಡಿಮೆಯಾಗುತ್ತವೆ. ಆದರೆ ಉಂಡ ಸಸಾರಜನಕ ಸರಿಯಾಗಿ ಜೀರ್ಣವಾಗುವುದಿಲ್ಲ.

ಕಂದು ಪದರವಿಲ್ಲದ ಎರಡು ತಳಿಗಳ ಸಂಕರದಿಂದ ಕಂದು ಪದರ ಬರಬಹುದೇ? ಬರಬಹುದು.

ಈ ಪದರಕ್ಕೆ ಬಿ-1, ಬಿ-2 ಎಂಬ ಎರಡು ವಂಶವಾಹಿಗಳ ಪ್ರಬಲ ರೂಪಗಳು ಕೂಡಿರಬೇಕು. ಎರಡು ಬೀಗ ಹಾಕಿದ ಪೆಟ್ಟಿಗೆಯನ್ನು ಒಂದೇ ಕೀಲಿಕೈಯಿಂದ ತೆರೆಯಲಾಗದು. ಒಂದು ತಳಿಯಲ್ಲಿ ಬಿ-1 ಮಾತ್ರ, ಇನ್ನೊಂದರಲ್ಲಿ ಬಿ-2 ಮಾತ್ರ ಪ್ರಬಲವಾಗಿದ್ದರೆ ಎರಡರಲ್ಲೂ ಪದರವಿಲ್ಲ. ಸಂಕರದಲ್ಲಿ ಎರಡು ಕೀಲಿಕೈಗಳೂ ಸೇರುತ್ತವೆ. ಪದರವು ತಾಯಿಗಿಡದ ಭಾಗವಾದುದರಿಂದ, ಸಂಕರಿಸಿದ ತೆನೆಯಲ್ಲಿ ಕಾಣದೆ, ಆ ಕಾಳು ಬಿತ್ತಿ ಬೆಳೆದ ಗಿಡದ ತೆನೆಯಲ್ಲಿ ಕಾಣುತ್ತದೆ.

ಆ ಗಿಡದ ಸ್ವಪರಾಗದ ಬೀಜ ಬಿತ್ತಿದರೆ, ಸರಾಸರಿ 16 ಗಿಡಗಳಲ್ಲಿ 9ರಲ್ಲಿ ಎರಡೂ, 3ರಲ್ಲಿ ಬಿ-1 ಮಾತ್ರ, 3ರಲ್ಲಿ ಬಿ-2 ಮಾತ್ರ ಇರುತ್ತವೆ. 1ರಲ್ಲಿ ಯಾವುದೂ ಇಲ್ಲ. ಇದು ಮೆಂಡೆಲ್ 1866ರಲ್ಲಿ ಬಟಾಣಿಯ ಬಗ್ಗೆ ಪ್ರಕಟಿಸಿದ 9:3:3:1 ಲೆಕ್ಕವೇ. ಕೊನೆಯ ಮೂರು ಗುಂಪುಗಳು ಕಣ್ಣಿಗೆ ಒಂದೇ ಆಗಿ ಕಾಣುವುದರಿಂದ 9:7 ಆಗುತ್ತದೆ. ಕೆಲವೇ ಗಿಡ ನೋಡಿದರೆ ಲೆಕ್ಕ ಹೊಂದಬೇಕೆಂದಿಲ್ಲ.

ಇಲ್ಲಿ ರೈತರಿಗೊಂದು ಅನುಕೂಲವಿದೆ. ಆ 7 ಗಿಡಗಳಲ್ಲಿ ಒಂದು ಕೀಲಿಕೈಯಾದರೂ ಪೂರ್ತಿ ಇಲ್ಲ. ಆದ್ದರಿಂದ ಸ್ವಪರಾಗದಿಂದ ಬಂದ ಅವುಗಳ ಸಂತತಿಯಲ್ಲಿ ಕಂದು ಪದರ ಮರಳಿ ಬಾರದು. 9ರಲ್ಲಿ ಮಾತ್ರ 8 ಗಿಡಗಳ ಸಂತತಿ ಮತ್ತೆ ಒಡೆಯುತ್ತದೆ. 1 ಮಾತ್ರ ಯಾವಾಗಲೂ ಕಂದು ಪದರವನ್ನೇ ಕೊಡುತ್ತದೆ.

ಸ್ವಂತ ಬೀಜ ಉಳಿಸುವವರು ಹೀಗೆ ಮಾಡಿ:

1. ಹೂ ಬಿಡುವ ಮೊದಲೇ ಉತ್ತಮ ಗಿಡಗಳ ತೆನೆಗಳಿಗೆ ಕಾಗದದ ಚೀಲ ಕಟ್ಟಿ. ಜೋಳ ಬಹುಮಟ್ಟಿಗೆ ಸ್ವಪರಾಗ ಹೊಂದಿದರೂ ಪರಾಗ ಗಾಳಿಯಿಂದ ಬರುತ್ತದೆ.

2. ಕಟಾವಿನಲ್ಲಿ ಪ್ರತಿ ತೆನೆಯ ಎರಡು ಮೂರು ಕಾಳಿನ ಹೊರಸಿಪ್ಪೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಂದು ತೆನೆಯ ಕಾಳೆಲ್ಲ ಈ ಗುಣದಲ್ಲಿ ಒಂದೇ.

3. ಕಂದು ಪದರವಿಲ್ಲದ ತೆನೆಗಳ ಬೀಜವನ್ನು ಬೇರೆ ಬೇರೆಯಾಗಿ ಕಟ್ಟಿಡಿ. ಬೆರೆಸಿ ಬಿತ್ತಿದರೆ ಬಿ-1 ಇರುವ ಗಿಡದ ಪರಾಗ ಬಿ-2 ಇರುವುದಕ್ಕೆ ತಗುಲಿ, ಒಗರು ಮರಳೀತು.

ಅಂಗಡಿಯಿಂದ ತಂದ ಹೈಬ್ರಿಡ್‌ಗೆ ಈ ಕ್ರಮ ಬೇಡ. ಅದರ ಕಾಳನ್ನು ಮತ್ತೆ ಬಿತ್ತಿದರೆ ಹುರುಪು ಕುಗ್ಗುತ್ತದೆ. ಅದಕ್ಕೆ ಪ್ರತಿ ವರ್ಷ ಹೊಸ ಬೀಜವೇ ಸರಿ.